ಕ್ಯಾಲೆಂಡರಿನ ಬೈಂಡಿನೊಳಗೆ ಅಂಬುಜಾಕ್ಷಿ

ಮಕ್ಕಳ ಕೈಗೆ ಯಾವ ವಯಸ್ಸಿನಲ್ಲಿ ಯಾವ ಪುಸ್ತಕವನ್ನು ಕೊಡಬೇಕು ಎಂಬುದು ಒಂದು ನಾಡಿನ ಮುಂದಿನ ತಲೆಮಾರಿನ ಶೀಲ, ಬುದ್ಧಿ, ಅಭಿರುಚಿ ಈ ಮೂರನ್ನೂ ನಿರ್ಧರಿಸುವ ಗಹನವಾದ ಪ್ರಶ್ನೆ. ಹೋದ ಬೇಸಿಗೆ ರಜೆಯಲ್ಲಿ ನಮ್ಮ ಕುಟುಂಬದ ಮಟ್ಟಿಗೆ ಅದನ್ನು ನಿರ್ಧರಿಸಿದ್ದು ಒಂದು ಹಳೆಯ ಕ್ಯಾಲೆಂಡರು ಮತ್ತು ಹೊತ್ತಲ್ಲದ ಹೊತ್ತಿಗೆ ಬಂದ ಗ್ಯಾಸ್ ಸಿಲಿಂಡರು.

ಇದೆಲ್ಲ ಈಗ ನೆನಪಾಗಲು ಕಾರಣ ನನ್ನ ಹೆಂಡತಿ ಸುಮತಿ. ನಿನ್ನೆ ಅವಳು ಗೋಡೆಯಿಂದ ಹೋದ ವರ್ಷದ ಕ್ಯಾಲೆಂಡರನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, "ಇದನ್ನು ರದ್ದಿಗೆ ಹಾಕುದಾ, ಅಲ್ಲ ನಿಮ್ಮ ಪುಸ್ತಕಗಳಿಗೆ ಅಂಗಿ ಹೊಲಿಸ್ಲಿಕ್ಕೆ ಉಂಟಾ?" ಎಂದು ಕೇಳಿದಳು. ಕೇಳಿದ ದನಿಯಲ್ಲಿ ವಿನಯವಿತ್ತು. ಮುಖದಲ್ಲಿ ಇರಲಿಲ್ಲ.

ಪುಸ್ತಕಕ್ಕೆ ಬೈಂಡು ಹಾಕುವುದು ನಮ್ಮ ಕಡೆ ಶಾಲೆ ಶುರುವಾಗುವಾಗಿನ ಕ್ರಮ. ಎಲ್ಲರ ಮನೆಯಲ್ಲೂ ಅದು ಏಳನೆಯ ತರಗತಿಗೋ ಹತ್ತಕ್ಕೋ ಮುಗಿಯುತ್ತದೆ. ನನಗೆ ಮುಗಿಯಲಿಲ್ಲ. ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತನಾಗಿ ಉಡುಪಿಯಲ್ಲಿ ಮನೆ ಕಟ್ಟಿಕೊಂಡ ಮೇಲೂ, ಯಾವ ಪುಸ್ತಕ ಬರಲಿ, ಅದನ್ನು ಓದುವ ಮೊದಲು ಹಳೆ ಕ್ಯಾಲೆಂಡರಿನ ಹಾಳೆ ಮಗುಚಿ, ಬಿಳಿ ಬದಿ ಹೊರಗೆ ಬರುವ ಹಾಗೆ ಬೈಂಡು ಹಾಕಿದರೇ ನನಗೆ ಸಮಾಧಾನ. ಹಾಗಾಗಿ ನಮ್ಮ ಮನೆಯ ಕಪಾಟಿನಲ್ಲಿ ಎಲ್ಲ ಪುಸ್ತಕಗಳೂ ಸಮವಸ್ತ್ರ ಧರಿಸಿ ನಿಂತಿರುತ್ತವೆ. ಅಡುಗೆಯ ಪುಸ್ತಕ ಯಾವುದು, ವೇದಾಂತ ಯಾವುದು ಎಂದು ತೆರೆದ ಮೇಲೆಯೇ ತಿಳಿಯುವುದು. ಸುಮತಿ ಒಮ್ಮೆ ಉಪ್ಪಿನಕಾಯಿಯ ಕ್ರಮ ಹುಡುಕಲು ಹೋಗಿ ಆತ್ಮದ ಅಮರತ್ವದ ಕುರಿತು ಎರಡು ಪುಟ ಓದಿ ಎದ್ದು ಬಂದದ್ದುಂಟು.

ಈ ವಿದ್ಯೆ ನನಗೆ ಬಂದದ್ದು ಅಪ್ಪನಿಂದ. ಅದರಲ್ಲಿ ಒಂದು ಕಟ್ಟುನಿಟ್ಟಿನ ವಿಧಿಯಿತ್ತು. ಮೊದಲು ಹಾಳೆಯನ್ನು ಹಾಸಿ ಅದರ ಮೇಲೆ ಹೆಸರು ಬರೆಯಬೇಕು. ಆಮೇಲೆ ಪುಸ್ತಕಕ್ಕೆ ಮಡಚಬೇಕು. ಬೈಂಡು ಹಾಕಿದ ಮೇಲೆ ಬರೆದರೆ ಪೆನ್ನಿನ ಒತ್ತು ಒಳಗಿನ ರಟ್ಟಿಗೆ ಬಿದ್ದು ಪುಸ್ತಕಕ್ಕೆ ಗಾಯವಾಗುತ್ತದೆ ಎಂಬುದು ಅಪ್ಪನ ವಾದ. ಮಕ್ಕಳ ಬೆನ್ನಿನ ಬಗ್ಗೆ ಅವರಿಗೆ ಅಷ್ಟು ಕಳಕಳಿ ಇರಲಿಲ್ಲ. ಪುಸ್ತಕದ ಬೆನ್ನಿನ ಬಗ್ಗೆ ಇತ್ತು. ಈ ವಿಧಿಯನ್ನು ನೀವು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನಡೆದ ಅನಾಹುತದ ಬೀಜ ಇದರಲ್ಲಿಯೇ ಉಂಟು.

ನಮ್ಮ ಕಡೆ ಮಕ್ಕಳಿರುವ ಮನೆಗೆ ಹೋಗುವಾಗ ಬರಿಗೈಯಲ್ಲಿ ಹೋಗುವಂತಿಲ್ಲ. ಹಲ್ವವೋ ಬಿಸ್ಕತ್ತೋ ಹಿಡಿದುಕೊಂಡು ಹೋಗಬೇಕು. ನಾನು ಪುಸ್ತಕ ಹಿಡಿದುಕೊಂಡು ಹೋಗುತ್ತೇನೆ. ಗೇಟಿನ ಸದ್ದಿಗೆ ಓಡಿ ಬಂದ ಮಕ್ಕಳು ನನ್ನ ಕೈಯಲ್ಲಿರುವ ಪೊಟ್ಟಣದ ಆಕಾರ ನೋಡಿ ನಿಧಾನವಾಗುವುದನ್ನು ಎಷ್ಟೋ ಮನೆಗಳ ಅಂಗಳದಲ್ಲಿ ಕಂಡಿದ್ದೇನೆ. ಚೌಕಾಕಾರದ, ಅಲ್ಲಾಡಿಸಿದರೆ ಸದ್ದಾಗದ ವಸ್ತುವಿನಿಂದ ಏನೂ ಆಗುವುದಿಲ್ಲ ಎಂದು ಅವಕ್ಕೆ ಗೊತ್ತು. ಸುಮತಿ ತನ್ನ ಚೀಲದಲ್ಲಿ ಪರಿಹಾರರೂಪವಾಗಿ ನೆಲಕಡಲೆ ಚಿಕ್ಕಿ ಇಟ್ಟುಕೊಂಡಿರುತ್ತಾಳೆ ಎಂಬುದು ನನಗೆ ತಿಳಿದದ್ದು ತೀರ ಈಚೆಗೆ. ಆದರೂ ಮಕ್ಕಳಿಗೆ ಪುಸ್ತಕ ಆರಿಸುವ ಅಧಿಕಾರ ಕುಟುಂಬದಲ್ಲಿ ನನ್ನದೇ. ಯಾರೂ ಕೊಟ್ಟದ್ದಲ್ಲ. ಯಾರೂ ಬೇಡ ಎನ್ನಲಿಲ್ಲ, ಅಷ್ಟೆ.

ನಾನು ಸಣ್ಣವನಿದ್ದಾಗ ನಮಗೆ ಪುಸ್ತಕ ಆರಿಸುವ ಪದ್ಧತಿ ಇದಕ್ಕಿಂತ ವೈಜ್ಞಾನಿಕವಾಗಿತ್ತು. ನಮ್ಮ ಮನೆ ಬೆಳ್ಮಣ್ಣಿನಲ್ಲಿ. ಓದಿದ್ದು ಕಾರ್ಕಳದ ಒಂದು ಹೈಸ್ಕೂಲಿನಲ್ಲಿ. ಅಲ್ಲಿ ಪುಸ್ತಕದ ಕಪಾಟಿನ ಬೀಗದ ಕೈ ಡ್ರಿಲ್ ಮಾಸ್ಟರ ಸೊಂಟದಲ್ಲಿತ್ತು. ಅವರು ಶನಿವಾರ ನಮ್ಮನ್ನು ಕವಾಯತಿನಲ್ಲಿ ನಿಲ್ಲಿಸುವ ಕ್ರಮದಲ್ಲೇ, ಎಂದರೆ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ ಪುಸ್ತಕ ಹಂಚುತ್ತಿದ್ದರು. ಗಿಡ್ಡರಿಗೆ ಪ್ರಾಣಿಗಳ ಕತೆ, ಮಧ್ಯಮರಿಗೆ ಸಾಹಸದ ಕತೆ, ಉದ್ದನೆಯವರಿಗೆ ಕಾದಂಬರಿ. ನಾನು ಗಿಡ್ಡ. ಹಾಗಾಗಿ ಮೀಸೆ ಚಿಗುರುವ ಕಾಲಕ್ಕೂ ನಾನು ಮಾತನಾಡುವ ನರಿಗಳ ಸಹವಾಸದಲ್ಲಿಯೇ ಇದ್ದೆ. ನನ್ನ ಬೆಂಚಿನ ಹಿಂದೆ ಕೂರುತ್ತಿದ್ದ ಜಯಕರ ನನಗಿಂತ ಒಂದು ಮೊಳ ಎತ್ತರ. ಅವನಿಗೆ ಓದುವ ಆಸೆ ಕಿಂಚಿತ್ತೂ ಇರಲಿಲ್ಲ. ಆದರೆ ದೇಹಪ್ರಕೃತಿಯ ಕಾರಣದಿಂದ ವಾರವಾರವೂ ಕಾದಂಬರಿ ಹೊತ್ತುಕೊಂಡು ಹೋಗಬೇಕಾಗುತ್ತಿತ್ತು. ನಾವಿಬ್ಬರೂ ಶಾಲೆಯ ಹಿಂದಿನ ಬಾವಿಕಟ್ಟೆಯಲ್ಲಿ ಗುಟ್ಟಾಗಿ ಅದಲುಬದಲು ಮಾಡಿಕೊಳ್ಳುತ್ತಿದ್ದೆವು. ಅವನು ನರಿಯ ಕತೆಯನ್ನು ಓದಿ ನಗುತ್ತಿದ್ದ. ನಾನು ಕಾದಂಬರಿ ಓದಿ ನಿಟ್ಟುಸಿರು ಬಿಡುತ್ತಿದ್ದೆ.

ಹಾಗೆ ಕೈಗೆ ಬಂದದ್ದೇ ಅಂಬುಜಾಕ್ಷಿಯ ಕಾದಂಬರಿ. ಕತೆ ಇಷ್ಟು: ಊರಿನ ಜಮೀನ್ದಾರರ ದೊಡ್ಡ ಗುತ್ತಿನ ಮನೆ, ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಅಂಬುಜಾಕ್ಷಿ, ಉಗ್ರಾಣದ ಬೀಗದ ಕೈ ಅವಳ ಸೊಂಟದಲ್ಲಿ, ಮನೆಯ ಯಜಮಾನಿಕೆ ಮಾತ್ರ ಮೈದುನನದ್ದು. ಮನೆಯ ಕೆಳಗೆ ಹೊಳೆ. ಹೊಳೆಯಲ್ಲಿ ದೋಣಿ ದಾಟಿಸುವ ಒಂದು ಕಡವು. ಕಡವಿನಲ್ಲಿ ಒಬ್ಬ ದೋಣಿಯವನು. ಉಳಿದದ್ದನ್ನು ನೀವು ಊಹಿಸಿರುತ್ತೀರಿ. ನಾನೂ ಹದಿನಾಲ್ಕರ ಹರೆಯದಲ್ಲಿ ಊಹಿಸುತ್ತಲೇ ಹತ್ತನೆಯ ಅಧ್ಯಾಯದವರೆಗೆ ಬಂದಿದ್ದೆ. ಹನ್ನೊಂದನೆಯದಕ್ಕೆ ಕೈಯಿಡುವಷ್ಟರಲ್ಲಿ ಸುತ್ತಿಟ್ಟ ಚಾಪೆಯೊಳಗಿನಿಂದ ಪುಸ್ತಕ ಮಾಯವಾಯಿತು.

ತೆಗೆದದ್ದು ನನ್ನ ಅಕ್ಕ ರತ್ನಕ್ಕ. ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಅಮ್ಮ ಕಾಯಿಲೆಯವಳಾದ್ದರಿಂದ ನಮ್ಮನ್ನು ಸಾಕಿದವಳು, ಹೊಡೆದವಳು, ಉಣಿಸಿದವಳು ಎಲ್ಲ ಅವಳೇ.

"ಅಕ್ಕ, ನನ್ನ ಪುಸ್ತಕ?"

"ಬಚ್ಚಲ ಒಲೆಗೆ ಹಾಕಿದೆ."

"ಅದು ಜಯಕರನದ್ದು!"

"ಅವನಿಗೆ ಹೇಳು, ಸ್ನಾನದ ನೀರು ಒಳ್ಳೆ ಕಾದಿತ್ತು ಅಂತ."

ಅಷ್ಟೇ ವಿಚಾರಣೆ. ಮೇಲ್ಮನವಿಗೆ ಅವಕಾಶವಿರಲಿಲ್ಲ. ಜಯಕರನ ಬಾಯಿ ಮುಚ್ಚಿಸಲು ಅವನ ಲೆಕ್ಕದ ಮನೆಪಾಠವನ್ನು ವರ್ಷವಿಡೀ ನಾನೇ ಮಾಡಿಕೊಟ್ಟೆ. ಡ್ರಿಲ್ ಮಾಸ್ಟರು ಬೈದದ್ದನ್ನು ಅವನು ತನ್ನ ಎತ್ತರದಲ್ಲಿಯೇ ಸಹಿಸಿಕೊಂಡ. ಮರುವರ್ಷ ರತ್ನಕ್ಕನಿಗೆ ಕಾಪುವಿಗೆ ಮದುವೆಯಾಯಿತು. ನಾನು ಕಾಲೇಜಿಗೆ ಹೋದ ಮೇಲೆ ಅದೇ ಕಾದಂಬರಿಯ ಒಂದು ಹಳೆ ಪ್ರತಿ ಸಂಪಾದಿಸಿ, ಹಾಸ್ಟೆಲಿನಲ್ಲಿ ಹನ್ನೊಂದನೆಯ ಅಧ್ಯಾಯ ಓದಿ, ಅತ್ತು, ಬೈಂಡು ಹಾಕಿ ಇಟ್ಟುಕೊಂಡೆ. ಆ ಪ್ರತಿ ಈಗಲೂ ನನ್ನಲ್ಲಿ ಉಂಟು. ಉಂಟು ಎಂದೆನೇ? ಇರಲಿ, ಅದಕ್ಕೇ ಬರುತ್ತೇನೆ.

ಹೋದ ಬೇಸಿಗೆಯಲ್ಲಿ ಒಂದು ದಿನ ಫೋನು ಬಂತು. ರತ್ನಕ್ಕನ ಮೊಮ್ಮಗಳು, ಒಂಬತ್ತು ವರ್ಷದ ತನ್ವಿ.

"ಉಡುಪಿ ಅಜ್ಜಾ, ನನಗೊಂದು ಕತೆ ಪುಸ್ತಕ ಕಳಿಸ್ಬೇಕು. ಕನ್ನಡದ್ದು. ಅರ್ಜೆಂಟ್."

ಮಗು ತಾನಾಗಿ ಪುಸ್ತಕ ಕೇಳುವುದು! ನಾನು ಫೋನು ಹಿಡಿದುಕೊಂಡೇ ಎದ್ದು ಕಪಾಟಿನ ಕಡೆ ನಡೆದೆ. ವಿಷಯ ಬೇರೆಯಿತ್ತು. ತನ್ವಿಯ ಅಪ್ಪ ಸುಧಾಕರ, ಎಂದರೆ ರತ್ನಕ್ಕನ ಮಗ, ಕಾಪು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಮಗಳ ಲೆಕ್ಕ ಹಿಂದೆ ಎಂದು ರಜೆಯಲ್ಲಿ ಟ್ಯೂಷನ್ನಿಗೆ ಹಾಕಲು ಹೊರಟಿದ್ದ. ಮಗು ಅತ್ತು ಕರೆದು ಕೊನೆಗೆ ಒಂದು ಒಪ್ಪಂದಕ್ಕೆ ಬಂದಿತ್ತು: ಟಿವಿ, ಮೊಬೈಲು ಬಿಟ್ಟು ಪುಸ್ತಕ ಓದುವುದಾದರೆ ಟ್ಯೂಷನ್ ಬೇಡ. ಆದರೆ ಎಂಥ ಪುಸ್ತಕ ಎಂಬುದನ್ನು ಅಜ್ಜಿ ಕೇಳಿ ಒಪ್ಪಬೇಕು.

"ಅಜ್ಜಿಗೆ ಕಣ್ಣಿನ ಆಪರೇಷನ್ ಆಗಿದೆ ಅಲ್ವಾ? ಅವರಿಗೆ ಓದ್ಲಿಕ್ಕಿಲ್ಲ. ನಾನೇ ದಿನಾ ಗಟ್ಟಿಯಾಗಿ ಓದ್ಬೇಕು. ಅಜ್ಜಿ ಅಡ್ಡಿಯಿಲ್ಲ ಅಂದ್ರೆ ಪಾಸ್. ಇದು ಮಕ್ಕಳಿಗೆ ಆಗುವಂಥದ್ದಲ್ಲ ಅಂದ್ರೆ ಮರುದಿವಸದಿಂದ ಟ್ಯೂಷನ್. ಬೆಳಿಗ್ಗೆ ಎಂಟಕ್ಕೆ ಅಜ್ಜಾ! ಲೆಕ್ಕ ಮಾತ್ರ ಅಲ್ಲ, ಸಾಯನ್ಸ್ ಸಹ!"

"ನೀನು ಹೆದರ್ಬೇಡ ಮಗಾ. ನಾನಿದ್ದೇನಲ್ಲ."

"ಅಜ್ಜಾ, ಹೋದ ಸಲದ ಹಾಗಿನದ್ದು ಬೇಡ, ಆಯ್ತಾ?"

ಹೋದ ಸಲ ಕೊಟ್ಟದ್ದರಲ್ಲಿ ಪ್ರತಿ ಕತೆಯ ಕೊನೆಗೂ ನೀತಿಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿದ್ದರು. ಮಗು ಕತೆಗಳನ್ನು ಬಿಟ್ಟು ನೀತಿಗಳನ್ನು ಮಾತ್ರ ಓದಿ ಅರ್ಧ ಗಂಟೆಯಲ್ಲಿ ಮುಗಿಸಿ ಚಿಕ್ಕಿ ಕೇಳಿತ್ತು.

ಒಂದು ಮಗುವಿನ ಇಡೀ ಬೇಸಿಗೆ ನನ್ನ ಆಯ್ಕೆಯ ಮೇಲೆ ನಿಂತಿತ್ತು. ನ್ಯಾಯಪೀಠದಲ್ಲಿ ಕುಳಿತವಳು ರತ್ನಕ್ಕ. ಪುಸ್ತಕಗಳ ವಿಷಯದಲ್ಲಿ ಅವಳ ಹಿಂದಿನ ತೀರ್ಪು ಏನಿತ್ತು ಎಂದು ನಿಮಗೆ ಗೊತ್ತೇ ಉಂಟು.

ಮಣಿಪಾಲಕ್ಕೆ ಹೋದೆ. ಅಲ್ಲಿನ ಪುಸ್ತಕದಂಗಡಿಗಳಲ್ಲಿ ಎ.ಸಿ. ಇರುತ್ತದೆ, ಕಾಫಿಯೂ ಇರುತ್ತದೆ. ಕನ್ನಡದ ಕಪಾಟು ಸಾಮಾನ್ಯವಾಗಿ ಮೆಟ್ಟಿಲಿನ ಕೆಳಗಿರುತ್ತದೆ. ಕೌಂಟರಿನ ಹುಡುಗಿ ಬಹಳ ಸೌಜನ್ಯದಿಂದ, "ಯಾವ ಏಜ್ ಗ್ರೂಪ್ ಸರ್?" ಎಂದು ಕೇಳಿದಳು.

"ಒಂಬತ್ತು."

"ಏಳರಿಂದ ಒಂಬತ್ತು ಉಂಟು, ಒಂಬತ್ತರಿಂದ ಹನ್ನೆರಡು ಉಂಟು. ಯಾವುದು ಕೊಡ್ಲಿ?"

"ಒಂಬತ್ತು ಎರಡರಲ್ಲೂ ಬರ್ತದಲ್ಲಮ್ಮ?"

ಅವಳು ಸ್ವಲ್ಪ ಯೋಚಿಸಿ, "ಹಾಗಾದ್ರೆ ದೊಡ್ಡದೇ ತಗೊಳ್ಳಿ ಸರ್. ಬೆಳೆಯುವ ಮಕ್ಕಳಲ್ವಾ?" ಎಂದಳು. ನಮ್ಮ ಕಾಲದಲ್ಲಿ ಚಪ್ಪಲಿ ಕೊಳ್ಳುವಾಗ ಈ ಮಾತನ್ನು ಕೇಳಿದ್ದೆ. ಡ್ರಿಲ್ ಮಾಸ್ಟರ ಆತ್ಮಕ್ಕೆ ಶಾಂತಿ ಸಿಗುವಂಥ ವ್ಯವಸ್ಥೆ.

ಮೆಟ್ಟಿಲಿನ ಕೆಳಗೆ ಬಗ್ಗಿ ಬಹಳ ಹೊತ್ತು ಹುಡುಕಿದೆ. ರಾಕ್ಷಸರಿರುವುದನ್ನು ಬಿಟ್ಟೆ, ಮಗು ಹೆದರೀತು. ರಾಕ್ಷಸರಿಲ್ಲದ್ದನ್ನೂ ಬಿಟ್ಟೆ, ಮಗು ಆಕಳಿಸೀತು. ಕೊನೆಗೆ ಹಿಂಡಿನಿಂದ ತಪ್ಪಿಸಿಕೊಂಡ ಒಂದು ಆನೆಮರಿ ಹೊಳೆ ದಾಟಿ ತಾಯಿಯನ್ನು ಸೇರುವ ಕತೆ ಸಿಕ್ಕಿತು. ಅದರಲ್ಲಿ ಯಾರೂ ಯಾರ ಕೈಯನ್ನೂ ಹಿಡಿಯುವುದಿಲ್ಲ. ಬಾಲ ಹಿಡಿಯುತ್ತಾರೆ, ಅದಕ್ಕೆ ರತ್ನಕ್ಕನ ಆಕ್ಷೇಪವಿರಲಾರದು. ಚಿತ್ರಗಳು ಕಡಿಮೆ, ಬರಹ ಜಾಸ್ತಿ, ಕನ್ನಡ ಸರಳ. ಗೆದ್ದೆ ಎಂದುಕೊಂಡೆ.

ಅದೇ ವಾರ ಸುಮತಿಯ ತಮ್ಮನ ಮಗ ನಿಶಾಂತನಿಗೂ ಒಂದು ಪುಸ್ತಕ ಕಳಿಸುವುದಿತ್ತು. ಕಾರ್ಕಳದ ಬದಿಯ ಕುಕ್ಕುಂದೂರಿನವನು. ಪಿಯುಸಿ ಎರಡನೆಯ ವರ್ಷಕ್ಕೆ ಹೋಗುವ ಹುಡುಗ, ಗಂಭೀರ ಸ್ವಭಾವ. "ಮಾಮ, ಒಳ್ಳೆ ಹಳೆ ಕಾದಂಬರಿ ಯಾವುದಾದ್ರೂ ಇದ್ರೆ ಕೊಡಿ, ಭಾಷೆ ಸುಧಾರಿಸ್ಬೇಕು" ಎಂದಿದ್ದ. ಹದಿನೇಳರ ಹರೆಯಕ್ಕೆ ಅಂಬುಜಾಕ್ಷಿಯೇ ಸರಿ ಎಂದು ನಿರ್ಧರಿಸಿದೆ. ಹಳೆ ಬೈಂಡು ಜಿಡ್ಡು ಹಿಡಿದಿತ್ತು. ತೆಗೆದು ಹೊಸದು ಹಾಕಲು ಕೂತೆ.

ಅಪ್ಪನ ವಿಧಿಯಂತೆ ಎರಡು ಹಾಳೆ ಹಾಸಿ, ಒಂದರ ಮೇಲೆ 'ತನ್ವಿಗೆ', ಇನ್ನೊಂದರ ಮೇಲೆ 'ನಿಶಾಂತನಿಗೆ' ಎಂದು ದುಂಡಗೆ ಬರೆದೆ. ಹಾಳೆಗಳ ಪಕ್ಕದಲ್ಲಿ ಪುಸ್ತಕಗಳು. ಎರಡೂ ಒಂದೇ ದಪ್ಪ. ಅಂಬುಜಾಕ್ಷಿಯದು ಹಳೆಯ ಕಾಲದ ನೀರುದೋಸೆಯಂಥ ಕಾಗದ, ಇರುವೆ ಸಾಲಿನಂಥ ಅಕ್ಷರ. ಆನೆಮರಿಯದು ಸೆಟ್‌ದೋಸೆಯಂಥ ಕಾಗದ, ಅಕ್ಷರಗಳೂ ಆನೆಯ ಅಳತೆಯವು. ಅಷ್ಟರಲ್ಲಿ ಗೇಟಿನ ಹೊರಗೆ ಗ್ಯಾಸಿನ ಆಟೋ ಬಂತು. ಎದ್ದು ಹೋದೆ. ಸಿಲಿಂಡರು ಒಳಗಿಟ್ಟು ಬರುವಾಗ ಸುಮತಿ ಮೇಜು ಒರೆಸಿ ಎಲ್ಲವನ್ನೂ ಚೊಕ್ಕವಾಗಿ ಜೋಡಿಸಿಟ್ಟಿದ್ದಳು. ಅವಳ ಚೊಕ್ಕತನದ ಬಗ್ಗೆ ನಾನು ಇಲ್ಲಿ ಹೆಚ್ಚಿಗೆ ಹೇಳುವುದಿಲ್ಲ. ಈ ಬರಹವನ್ನು ಅವಳೂ ಓದುತ್ತಾಳೆ. ನಾನು ಕೂತು, ಕನ್ನಡಕ ಹುಡುಕುವ ಆಲಸ್ಯದಿಂದ, ಕೈಗೆ ಸಿಕ್ಕಿದ ಪುಸ್ತಕಕ್ಕೆ ಕೈಗೆ ಸಿಕ್ಕಿದ ಹಾಳೆಯನ್ನು ಮಡಚಿದೆ.

ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ ಒಂದು ಪೊಟ್ಟಣವನ್ನು ಕಾರ್ಕಳ ಬಸ್ಸಿನ ಕಂಡಕ್ಟರನ ಕೈಗೂ, ಇನ್ನೊಂದನ್ನು ಕಾಪುವಿಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಗೂ ಕೊಟ್ಟೆ. ನಮ್ಮ ಖಾಸಗಿ ಬಸ್ಸಿನ ಕಂಡಕ್ಟರರು ಔಷಧಿ, ಜಾತಕ, ಬೀಗರ ಮನೆಯ ಪತ್ರೊಡೆ ಎಲ್ಲವನ್ನೂ ತಪ್ಪದೆ ಮುಟ್ಟಿಸುವವರು. ಇದನ್ನೂ ತಪ್ಪದೆ ಮುಟ್ಟಿಸಿದರು. ಅದೇ ತೊಂದರೆಯಾದದ್ದು.

ಒಂದು ವಾರ ನಾನು ನೆಮ್ಮದಿಯಿಂದಿದ್ದೆ. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿರುವಾಗ ನಿಶಾಂತನ ಫೋನು.

"ಮಾಮ, ಪುಸ್ತಕ ಮುಗೀತು. ಎರಡು ಸಲ ಓದಿದೆ."

"ಭೇಷ್! ಹೇಗನ್ನಿಸಿತು?"

"ಮೊದಲ ಸಲ ತುಂಬ ಸುಲಭ ಉಂಟು ಅನ್ನಿಸಿತು ಮಾಮ. ಆದ್ರೆ ನೀವು ಸುಮ್ಮನೆ ಕೊಡ್ಲಿಕ್ಕಿಲ್ಲ ಅಂತ ಮತ್ತೊಮ್ಮೆ ಓದಿದೆ."

"ಅದೇ ದೊಡ್ಡ ಕೃತಿಯ ಲಕ್ಷಣ. ಹೊಳೆ ದಾಟುವ ಭಾಗ ಹೇಗುಂಟು?"

"ಅದು ಒಳ್ಳೆದುಂಟು ಮಾಮ. ಅಷ್ಟು ಭಾರ ಇಟ್ಕೊಂಡು ದಾಟುದು..."

"ಭಾರವೇ ಮಾರಾಯ! ಇಡೀ ಸಮಾಜದ ಭಾರ!"

"ಓ, ಹಾಗಾ?" ಹುಡುಗ ಬರೆದುಕೊಳ್ಳುವ ಪೆನ್ನಿನ ಸದ್ದು ಕೇಳಿಸಿತು. "ಹಾಗಾದ್ರೆ ಆ ಸೊಂಡಿಲು ಏನನ್ನು ಸೂಚಿಸ್ತದೆ ಮಾಮ?"

"ಯಾರ ಸೊಂಡಿಲು?"

"ಆನೆಮರಿದು."

ಕಾಫಿ ಲೋಟ ಕೆಳಗಿಟ್ಟೆ. ಆನೆಮರಿ ಕುಕ್ಕುಂದೂರಿನಲ್ಲಿದ್ದರೆ ಅಂಬುಜಾಕ್ಷಿ ಎಲ್ಲಿದ್ದಾಳೆ ಎಂದು ಲೆಕ್ಕ ಹಾಕಲು ಟ್ಯೂಷನ್ ಬೇಕಾಗಿಲ್ಲ. ಅವಳು ಒಂದು ವಾರದಿಂದ ರತ್ನಕ್ಕನ ಮನೆಯ ಮುಂಭಾಗದ ಚಾವಡಿಯಲ್ಲಿ ಒಂಬತ್ತು ವರ್ಷದ ಮಗುವಿನ ಬಾಯಿಂದ ಗಟ್ಟಿಯಾಗಿ ಹೊರಬರುತ್ತಿದ್ದಳು. ಅಕ್ಕ ಬಚ್ಚಲ ಒಲೆಗೆ ಹಾಕಿದ ಪುಸ್ತಕ, ಕ್ಯಾಲೆಂಡರಿನ ಅಂಗಿ ತೊಟ್ಟು, ನನ್ನ ಕೈಬರಹದಲ್ಲಿ 'ತನ್ವಿಗೆ' ಎಂದು ಬರೆಸಿಕೊಂಡು ಅವಳ ಮನೆಗೇ ಮರಳಿ ಬಂದಿತ್ತು.

"ಸುಮತಿ, ನಾನು ಕಾಪುವಿಗೆ ಹೋಗಿ ಬರ್ತೇನೆ."

"ಎಂತ, ಯಾರಿಗಾದ್ರೂ ಹುಷಾರಿಲ್ವಾ?"

"ಈಗ ಎಲ್ಲರೂ ಹುಷಾರಿದ್ದಾರೆ. ಸಂಜೆಗೆ ಹೇಳ್ಲಿಕ್ಕಾಗುದಿಲ್ಲ."

ಬದಲಿಗೆ ಕೊಡಲು ಕಪಾಟಿನಿಂದ ಒಂದು ಪುಸ್ತಕ ಎಳೆದುಕೊಂಡೆ. ಬಸ್ಸಿನಲ್ಲಿ ತೆರೆದು ನೋಡಿದರೆ, ಅದು ಬಾಲ್ಯದಿಂದಲೇ ದೊಡ್ಡವರಾಗಿದ್ದ ಮಹನೀಯರ ಜೀವನಚರಿತ್ರೆಗಳು. ಇರಲಿ, ಆಪತ್ಕಾಲಕ್ಕೆ ಆದೀತು. ಬಸ್ಸು ಮುಂದೆ ಹೋದ ಹಾಗೆ ಕಾದಂಬರಿ ನನ್ನ ತಲೆಯಲ್ಲಿ ತಾನಾಗಿ ಮಗುಚತೊಡಗಿತು. ಉದ್ಯಾವರ ದಾಟುವಾಗ ಐದನೆಯ ಅಧ್ಯಾಯ: ದೋಣಿಯವನು ಅವಳಿಗೆ ಹಲಸಿನ ಹಣ್ಣು ತಂದುಕೊಡುವುದು. ಅಷ್ಟು ದೋಷವಿಲ್ಲ, ಹಣ್ಣು ಪೌಷ್ಟಿಕ. ಕಟಪಾಡಿಯಲ್ಲಿ ಎಂಟನೆಯದು: ಕಾಲು ಜಾರಿದಾಗ ಅವನು ಕೈ ಹಿಡಿದದ್ದು. ಹಿಡಿದದ್ದು ಸರಿ, ಆದರೆ ನನ್ನ ನೆನಪಿನ ಪ್ರಕಾರ ಅಧ್ಯಾಯ ಮುಗಿಯುವವರೆಗೂ ಬಿಟ್ಟಿರಲಿಲ್ಲ. ಕಾಪು ಹತ್ತಿರ ಬಂದಾಗ ಹನ್ನೊಂದನೆಯದು. ಮುಂದಿನ ಸೀಟಿನ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕಣ್ಣ ಮುಂದೆ ಬಂದದ್ದು ತನ್ವಿ, ಎಂಟು ಗಂಟೆಗೆ ಚೀಲ ಬೆನ್ನಿಗೆ ಹಾಕಿಕೊಂಡು, ತಿರುಗಿ ನನ್ನನ್ನು ನೋಡುತ್ತ ಟ್ಯೂಷನ್ನಿಗೆ ನಡೆಯುವ ಮಗು. ಆ ಮಗು ಇನ್ನು ಜನ್ಮದಲ್ಲಿ ನನ್ನಿಂದ ಪುಸ್ತಕ ಕೇಳಲಿಕ್ಕಿಲ್ಲ.

ರತ್ನಕ್ಕನ ಮನೆಯ ಹಿತ್ತಲಿನಲ್ಲಿ ಮಲ್ಲಿಗೆ ಗಿಡಗಳಿವೆ. ಬೆಳಿಗ್ಗೆ ಮೊಗ್ಗು ಕೊಯ್ದು, ಚಾವಡಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟಿ, ಹನ್ನೊಂದರ ಹೊತ್ತಿಗೆ ಸ್ಕೂಟರಿನಲ್ಲಿ ಬರುವ ಹೂವಿನವನಿಗೆ ಕೊಡಬೇಕು. ಪಕ್ಕದ ಮನೆಯ ಫಿಲೋಮಿನಾ ಬಾಯಿಯೂ ತನ್ನ ಮೊಗ್ಗಿನ ಬುಟ್ಟಿ ಹಿಡಿದುಕೊಂಡು ಅಲ್ಲಿಗೇ ಬಂದು ಕೂರುತ್ತಾಳೆ. ಒಬ್ಬಳೇ ಕಟ್ಟಿದರೆ ಬೆರಳು ನೋಯುತ್ತದಂತೆ, ಮಾತಾಡುತ್ತಾ ಕಟ್ಟಿದರೆ ನೋಯುವುದಿಲ್ಲವಂತೆ. ನಾನು ಅಂಗಳಕ್ಕೆ ಕಾಲಿಟ್ಟಾಗ ಇಬ್ಬರೂ ಗೋಡೆಗೆ ಒರಗಿ ಕೂತಿದ್ದರು. ರತ್ನಕ್ಕನಿಗೆ ಆಪರೇಷನ್ನಿನ ಕಪ್ಪು ಕನ್ನಡಕ. ಆದರೆ ಬೆರಳುಗಳಿಗೆ ಕಣ್ಣಿನ ಹಂಗು ಇರಲಿಲ್ಲ. ಅವು ಮೊಗ್ಗು ಎತ್ತುತ್ತ ಗಂಟು ಹಾಕುತ್ತ ಇದ್ದವು. ನಡುವೆ ಮಣೆಯ ಮೇಲೆ ಕೂತು ತನ್ವಿ, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಒಂದೊಂದು ಅಕ್ಷರಕ್ಕೂ ಪೂರ್ತಿ ಮರ್ಯಾದೆ ಕೊಟ್ಟು ಓದುತ್ತಿದ್ದಳು: "ಅಂಬುಜಾಕ್ಷಿಯು... ಹೊಳೆಯ... ದಡಕ್ಕೆ... ಬಂದು... ನಿಂತಳು."

ಹತ್ತನೆಯ ಅಧ್ಯಾಯದ ಕೊನೆಯ ವಾಕ್ಯ. ಗಂಡಾಂತರಕ್ಕೆ ಒಂದು ಪುಟ ಬಾಕಿ.

"ನಿಲ್ಲಿಸು ಮಗಾ!" ಎಂದು ಅಂಗಳದಿಂದಲೇ ಕೂಗಿದೆ. "ಅದು ತಪ್ಪಿ ಬಂದದ್ದು. ನಿನ್ನದು ಬೇರೆ. ಇಗೋ, ತಂದಿದ್ದೇನೆ."

ತನ್ವಿ ಪುಸ್ತಕವನ್ನು ಎದೆಗೆ ಒತ್ತಿಕೊಂಡಳು. ಫಿಲೋಮಿನಾ ಬಾಯಿ ಕಟ್ಟುತ್ತಿದ್ದ ಮಾಲೆ ಮಡಿಲಿಗೆ ಹಾಕಿ ನನ್ನನ್ನು ನೋಡಿದಳು.

"ಎಂತ ಸರ್ ನೀವು! ಆ ಹೆಂಗಸು ಹೊಳೆ ಬದಿಗೆ ಬಂದು ನಿಂತಿದ್ದಾಳೆ, ನೀವು ಈಗ ಪುಸ್ತಕ ಕೊಂಡುಹೋಗ್ಲಿಕ್ಕೆ ಬಂದದ್ದಾ?"

"ಅದು ಮಕ್ಕಳ ಪುಸ್ತಕ ಅಲ್ಲ ಬಾಯಿ."

"ಅದು ನಮಗೆ ಮೂರನೇ ದಿವಸವೇ ಗೊತ್ತಾಗಿದೆ. ನನ್ನ ಕೇಳಿದ್ರೆ ಅವಳು ಮೊದಲೇ ಹೋಗ್ಬೇಕಿತ್ತು. ಆ ಮೈದುನನ ಮೋರೆ ನೋಡ್ಕೊಂಡು ಯಾರು ಇಷ್ಟು ಸಮಯ ಕೂತ್ಕೊಳ್ತಾರೆ?"

ಮೂರನೇ ದಿವಸವೇ! ನಾನು ಮೆಲ್ಲನೆ ರತ್ನಕ್ಕನ ಕಡೆ ತಿರುಗಿದೆ. ಅರುವತ್ತು ದಾಟಿದವನು ನಾನು. ನನ್ನ ಕೈಯಲ್ಲಿ ಪಿಂಚಣಿಯುಂಟು, ಕೂದಲು ಬೆಳ್ಳಗಾಗಿದೆ. ಆದರೆ ಆ ಕ್ಷಣಕ್ಕೆ ನಾನು ಹದಿನಾಲ್ಕರ ಹುಡುಗನೇ. ಕಪ್ಪು ಕನ್ನಡಕದ ಹಿಂದೆ ಅವಳು ಏನು ನೋಡುತ್ತಿದ್ದಾಳೆ ಎಂದು ತಿಳಿಯುವಂತಿರಲಿಲ್ಲ. ಅವಳು ಗಂಟು ಬಿಗಿದು, ಹಲ್ಲಿನಿಂದ ನಾರು ತುಂಡು ಮಾಡಿ, "ತನ್ವಿ, ಹೂವಿಗೆ ನೀರು ಚಿಮುಕಿಸ್ಲಿಕ್ಕೆ ಚೊಂಬು ತಾ" ಎಂದಳು.

"ನಾನು ಬರುವವರೆಗೆ ಯಾರೂ ಓದ್ಬಾರ್ದು!"

"ನನಗೆ ಓದ್ಲಿಕ್ಕೆ ಕಣ್ಣೆಲ್ಲಿ ಉಂಟು? ಹೋಗು."

ಮಗು ಪುಸ್ತಕವನ್ನು ಬಗಲಿಗೆ ಸೇರಿಸಿಕೊಂಡೇ ಒಳಗೆ ಓಡಿತು. ನನ್ನ ಮೇಲೆ ಅದಕ್ಕೆ ನಂಬಿಕೆ ಉಳಿದಿರಲಿಲ್ಲ.

"ಈಗ ಎಂತ ಮಾಡ್ತಾಳೆ ರತ್ನಕ್ಕ ಅವಳು?" ಫಿಲೋಮಿನಾ ಬಾಯಿ ಕೇಳಿದಳು. "ದೋಣಿ ಹತ್ತುದಾ, ಇಲ್ವಾ?"

"ಎಲ್ಲಿ ಹತ್ತುದು! ಸೊಂಟದಲ್ಲಿ ಉಗ್ರಾಣದ ಬೀಗದ ಕೈ ಉಂಟಲ್ಲ," ರತ್ನಕ್ಕ ಮೊಗ್ಗಿನ ಬುಟ್ಟಿಗೆ ಕೈ ಹಾಕುತ್ತ ಹೇಳಿದಳು. "ತಿರುಗಿ ಮನೆಗೆ ಹೋಗ್ತಾಳೆ. ಬೀಗದ ಕೈಯನ್ನು ಅಕ್ಕಿ ಮಡಕೆಯೊಳಗೆ ಹಾಕ್ತಾಳೆ. ಬೆಳಿಗ್ಗೆ ಗಂಜಿಗೆ ಅಕ್ಕಿ ತೆಗೆಯುವವರಿಗೆ ಸಿಗ್ಲಿ ಅಂತ. ಮತ್ತೆ ಬಂದು ದೋಣಿ ಹತ್ತುದು."

ನಾನು ಚಾವಡಿಯ ಮೆಟ್ಟಿಲಿನ ಮೇಲೆ ಕೂತುಬಿಟ್ಟೆ. ಮಗು ಚೊಂಬು ತಂದಿಟ್ಟು, ಮಣೆಯೇರಿ, ಹನ್ನೊಂದನೆಯ ಅಧ್ಯಾಯ ತೆರೆಯಿತು. ಅಂಬುಜಾಕ್ಷಿ ಅಕ್ಷರ ಅಕ್ಷರವಾಗಿ ಮನೆಗೆ ಮರಳಿದಳು. ಅಕ್ಷರ ಅಕ್ಷರವಾಗಿ ಬೀಗದ ಕೈಯನ್ನು ಅಕ್ಕಿ ಮಡಕೆಯಲ್ಲಿಟ್ಟಳು. ಫಿಲೋಮಿನಾ ಬಾಯಿಯ ಬೆರಳು ನಿಂತಿತು.

"ಯೇಸುವೇ! ರತ್ನಕ್ಕ, ನಿಮಗೆ ಹೇಗೆ ಗೊತ್ತಾಯ್ತು?"

"ಅಕ್ಕಿ ಮಡಕೆ ಬಿಟ್ಟು ಬೇರೆಲ್ಲಿ ಇಡ್ತಾರೆ? ಕಟ್ಟಿ ಬಾಯಿ, ಸ್ಕೂಟರ್ ಬರ್ತದೆ."

ದೋಣಿ ಹೊಳೆ ದಾಟಿತು. ಈ ಭಾಗದಲ್ಲಿ ನಾನು ಹಾಸ್ಟೆಲಿನಲ್ಲಿ ಅತ್ತಿದ್ದೆ. ಚಾವಡಿಯಲ್ಲಿ ಯಾರೂ ಅಳಲಿಲ್ಲ. ಫಿಲೋಮಿನಾ ಬಾಯಿ ನೆಮ್ಮದಿಯ ಉಸಿರು ಬಿಟ್ಟು ಮಾಲೆ ಎತ್ತಿಕೊಂಡಳು. ತನ್ವಿ ಮಾತ್ರ ಹುಬ್ಬು ಗಂಟು ಹಾಕಿ ಪುಟವನ್ನು ಹಿಂದಕ್ಕೂ ಮುಂದಕ್ಕೂ ತಿರುವುತ್ತಿದ್ದಳು. ಈಗ ಬಂತು, ಎಂದುಕೊಂಡೆ. ಮಗು ಕೇಳಬಾರದ್ದನ್ನು ಕೇಳುತ್ತದೆ.

"ಅಜ್ಜಾ," ಮಗು ಕೇಳಿತು, "ಅವಳ ಬೆಕ್ಕು ಎಲ್ಲಿ?"

"ಯಾವ ಬೆಕ್ಕು?"

"ಎರಡನೇ ಅಧ್ಯಾಯದಲ್ಲಿ ಇತ್ತಲ್ಲ, ಬಿಳಿ ಬೆಕ್ಕು. ಅವಳೇ ಹಾಲು ಹಾಕುದು. ದೋಣಿಗೆ ಹತ್ತಿಸ್ಲಿಲ್ಲ. ಇನ್ನು ಅದಕ್ಕೆ ಯಾರು ಹಾಲು ಹಾಕುದು? ಆ ಮೈದುನ ಹಾಕ್ತಾನಾ?"

ಆ ಕಾದಂಬರಿಯನ್ನು ನಾನು ಅದೆಷ್ಟು ಸಲ ಓದಿದ್ದೇನೋ. ಅದರಲ್ಲಿ ಸಮಾಜ ಕಂಡಿದ್ದೆ, ಸ್ತ್ರೀಯ ಅಂತರಂಗ ಕಂಡಿದ್ದೆ, ಕಾಲೇಜಿನ ಚರ್ಚಾಕೂಟದಲ್ಲಿ ಅದರ ಬಗ್ಗೆ ಮಾತನಾಡಿ ಲೋಟವೊಂದನ್ನು ಬಹುಮಾನವಾಗಿ ಪಡೆದಿದ್ದೆ. ಬೆಕ್ಕು ಕಂಡಿರಲಿಲ್ಲ. ಬರೆದವರಿಗೂ ಕೊನೆಗೆ ಅದರ ನೆನಪು ಹೋಗಿರಬೇಕು.

"ಫಿಲೋಮಿನಾ ಬಾಯಿ ಹಾಕ್ತಾರೆ," ಎಂದಳು ರತ್ನಕ್ಕ.

ಹೂವಿನವನು ಬಂದು ಹೋದ. ಬಾಯಿ ಮನೆಗೆ ಹೋದಳು. ಮಗು ನನ್ನ ಚೀಲದಲ್ಲಿ ಚಿಕ್ಕಿ ಉಂಟೋ ಎಂದು ನೋಡಿ, ಮಹನೀಯರನ್ನು ಕಂಡು, ಚೀಲದ ಬಾಯಿ ಮುಚ್ಚಿಟ್ಟಿತು. ನಾನು ಅಕ್ಕನ ಹತ್ತಿರ ಸರಿದು ಕೂತೆ.

"ಅಕ್ಕ, ನೀನು ಅಂದು ಬಚ್ಚಲ ಒಲೆಗೆ ಹಾಕಿದ್ದೇನೆ ಅಂದದ್ದು ಸುಳ್ಳಾ?"

"ಸುಳ್ಳು ಯಾಕೆ ಹೇಳ್ಬೇಕು? ಹಾಕಿದ್ದೇನೆ." ಅವಳು ಮಡಿಲಿನ ನಾರಿನ ಚೂರುಗಳನ್ನು ಕೊಡವಿದಳು. "ಓದಿ ಹಾಕಿದ್ದೇನೆ."

"ಇದು ಅದೇ ಅಂತ ಯಾವಾಗ ಗೊತ್ತಾಯ್ತು?"

"ಮಗು ಮೊದಲ ಪುಟ ಓದುವಾಗಲೇ."

"ಮತ್ತೆ ನಿಲ್ಲಿಸ್ಲಿಲ್ಲ ಯಾಕೆ?"

"ಆಗ ಅಡುಗೆಯ ಎಡೆಯಲ್ಲಿ, ಅಪ್ಪ ನೋಡ್ತಾರೋ ಅಂತ, ಗಡಿಬಿಡಿಯಲ್ಲಿ ಓದಿದ್ದು ಮಾರಾಯ. ಮತ್ತೆ ಮದುವೆಯಾಯ್ತು, ಮಕ್ಕಳಾದವು, ಹೂವು. ಈಗೊಮ್ಮೆ ಸಾವಕಾಶ ಕೇಳುವ ಅಂತ ಕಂಡಿತು." ನನ್ನ ಕಡೆ ತಿರುಗಿ, "ನೀನು ಆಗ ಇನ್ನೂ ಗಿಡ್ಡ ಇದ್ದಿ," ಎಂದಳು. ಡ್ರಿಲ್ ಮಾಸ್ಟರೂ ಇದನ್ನೇ ಹೇಳಿದ್ದರು.

ನನ್ನ ಎದೆಯ ಮೇಲಿಂದ ಒಂದು ಕಲ್ಲು ಇಳಿಯಿತು. ಇನ್ನೊಂದು ಬಾಕಿಯಿತ್ತು. ಮಧ್ಯಾಹ್ನ ಊಟಕ್ಕೆ ಸುಧಾಕರ ಬಂದ. ಕೈಕಾಲು ತೊಳೆದು ಬಂದವನು ನನ್ನನ್ನು ಕಂಡು ನಕ್ಕು, ಮಗಳ ಕೈಯಲ್ಲಿದ್ದ ಪುಸ್ತಕ ಕಂಡು ನಗುವನ್ನು ಹಿಂದಕ್ಕೆ ತೆಗೆದುಕೊಂಡ.

"ಅಮ್ಮ, ವಾರ ಆಯ್ತಲ್ಲ. ಹೇಗುಂಟು ಪುಸ್ತಕ? ಟ್ಯೂಷನ್ ಮಾಸ್ಟರಿಗೆ ಇವತ್ತು ಉತ್ತರ ಕೊಡ್ಬೇಕು."

ತನ್ವಿ ಉಣ್ಣುವುದನ್ನು ನಿಲ್ಲಿಸಿದಳು. ನಾನೂ ನಿಲ್ಲಿಸಿದೆ. ರತ್ನಕ್ಕ ತಟ್ಟೆಯ ಬದಿಯಲ್ಲಿ ಉಪ್ಪಿನಕಾಯಿ ಹುಡುಕುತ್ತಿದ್ದವಳು, ಸಿಕ್ಕಿದ ಮೇಲೆ ಹೇಳಿದಳು:

"ಅಡ್ಡಿಯಿಲ್ಲ."

"ಎಂತದರ ಕತೆ?"

"ಮನೆವಾರ್ತೆಯ ಕತೆ. ದೊಡ್ಡ ಮನೆಯನ್ನು ಹೇಗೆ ನಡೆಸ್ಬೇಕು, ಬಿಟ್ಟು ಹೋಗುವಾಗ ಬೀಗದ ಕೈಯನ್ನು ಹೇಗೆ ಜೋಪಾನ ಮಾಡ್ಬೇಕು, ಎಲ್ಲ ಉಂಟು. ದೋಣಿ ಉಂಟು. ಒಂದು ಬೆಕ್ಕು ಸಹ ಉಂಟು."

"ಲೆಕ್ಕಕ್ಕೆ ಉಪಯೋಗ ಉಂಟಾ?"

"ಉಂಟು. ಅವಳ ಮೈದುನ ಪೂರ್ತಿ ಲೆಕ್ಕವೇ."

ಸುಧಾಕರ ಪುಸ್ತಕ ಕೈಗೆ ತೆಗೆದುಕೊಂಡು ನಡುವೆ ಎಲ್ಲಿಯೋ ತೆರೆದ. ನಾನು ನೀರು ಕುಡಿದೆ. ಅವನು ಆ ಇರುವೆ ಸಾಲನ್ನು ಕಣ್ಣಿನ ಹತ್ತಿರಕ್ಕೂ ದೂರಕ್ಕೂ ಹಿಡಿದು ನೋಡಿ, "ಇಷ್ಟು ಸಣ್ಣ ಅಕ್ಷರ ಓದ್ತಾಳಾ ಇವಳು?" ಎಂದು ಸ್ವಲ್ಪ ಗೌರವದಿಂದಲೇ ಮಗಳಿಗೆ ಮರಳಿಸಿದ. ಮೀನಿನ ಸಾರು ಬಡಿಸಿಕೊಂಡ. ಅಲ್ಲಿಗೆ ವಿಚಾರಣೆ ಮುಗಿಯಿತು.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಬದಿ ಸೀಟು ಸಿಕ್ಕಿತು. ಬೆಳಿಗ್ಗೆ ಸರಳು ಹಿಡಿದುಕೊಂಡು ಹೋದವನು, ಕಟಪಾಡಿ ಬರುವ ಮೊದಲೇ ನಿದ್ದೆ ಹೋಗಿ ಉಡುಪಿಯಲ್ಲಿ ಕಂಡಕ್ಟರ್ ಎಬ್ಬಿಸಿದ ಮೇಲೆ ಎದ್ದೆ. ಸುಮತಿಗೆ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, "ನಿಮ್ಮ ಆಯ್ಕೆಯಲ್ಲಿ ಇಷ್ಟರವರೆಗೆ ಸರಿಯಾದದ್ದು ಇದೊಂದೇ. ಅದಕ್ಕೂ ಗ್ಯಾಸಿನವನೇ ಬರ್ಬೇಕಾಯ್ತು," ಎಂದಳು. ಇರಲಿ. ನಿನ್ನೆ ಅವಳು ತೆಗೆದ ಕ್ಯಾಲೆಂಡರನ್ನು ರದ್ದಿಗೆ ಹಾಕಲು ಬಿಡಲಿಲ್ಲ ಎಂದು ಮಾತ್ರ ಹೇಳುತ್ತೇನೆ.

ಅಂಬುಜಾಕ್ಷಿ ಕಾಪುವಿನಲ್ಲಿ ಉಳಿದಳು. ಆನೆಮರಿಯನ್ನು ನಿಶಾಂತ ಇನ್ನೂ ಮರಳಿಸಿಲ್ಲ. ತನ್ವಿ ಆ ರಜೆಯಲ್ಲಿ ಟ್ಯೂಷನ್ನಿಗೆ ಹೋಗಲಿಲ್ಲ.